ಭುವನೇಶ್ವರಿಯ ಮೈಬಣ್ಣ



ಈ ದತ್ತಿ ಉಪನ್ಯಾಸದಲ್ಲಿ ಭಾವಚಿತ್ರ ಕಲೆಗೂ ರಾಷ್ಟ್ರದ ಲಾಂಛನಗಳಿಗೂ ಇರುವ ನಂಟಿನ ಬಗ್ಗೆ ಮಾತಾಡಬೇಕೆಂದು ತಾವು ಕೇಳಿದ್ದೀರಿ. ವಿಷಯ ದೊಡ್ಡದು. ಅದರಲ್ಲಿ ಒಂದೇ ಎಳೆಯನ್ನು ಹಿಡಿದು ನಾಲ್ಕು ಮಾತು ಹೇಳಲು ಅನುಮತಿ ಕೋರುತ್ತೇನೆ. ನಾಡನ್ನೋ ದೇಶವನ್ನೋ ಒಬ್ಬ ಹೆಣ್ಣಾಗಿ ಚಿತ್ರಿಸುವ ರೂಢಿ ಲೋಕದ ಎಷ್ಟೋ ಕಡೆ ಇದೆ. ಹಾಗೆ ಚಿತ್ರಿಸುವಾಗ ಕಲಾವಿದರು ಯಾವ ಹೆಣ್ಣನ್ನು ಎದುರಿಗೆ ಕೂರಿಸಿಕೊಂಡರು, ಯಾರನ್ನು ಒಮ್ಮೆಯೂ ಕೂರಿಸಿಕೊಳ್ಳಲಿಲ್ಲ ಎಂಬುದೇ ನನ್ನ ಪ್ರಶ್ನೆ. ಈ ಪ್ರಶ್ನೆಯನ್ನು ತುಂಬ ಗಟ್ಟಿಯಾಗಿ ಕೇಳಿದವರು ಕಪ್ಪು ಜನಾಂಗದ ಕಲಾವಿದರು. ಅವರ ಬಳಿಗೆ ಹೋಗುವ ಮುಂಚೆ ನಮ್ಮ ಮಂಡ್ಯ ಜಿಲ್ಲೆಯಿಂದ ಹೊರಡುತ್ತೇನೆ. ಆಮೇಲೆ ಭಾರತಮಾತೆ ಮತ್ತು ಭುವನೇಶ್ವರಿಯ ಚಿತ್ರಗಳ ಕಡೆಗೆ, ಅಲ್ಲಿಂದ ಫ್ರಾನ್ಸ್ ಮತ್ತು ಅಮೆರಿಕಕ್ಕೆ, ಕೊನೆಗೆ ಉತ್ತರ ಕನ್ನಡದ ಕಾಡಿನ ಅಂಚಿಗೆ ಬರುತ್ತೇನೆ.

ಮೊದಲು ನಮ್ಮ ಊರುಗಳ ತಾಯಂದಿರು. ಮದ್ದೂರಿಗೆ ಮದ್ದೂರಮ್ಮ ಇದ್ದಾಳೆ. ಮಳವಳ್ಳಿಯಲ್ಲಿ ಪಟ್ಟಲದಮ್ಮ ಇದ್ದಾಳೆ, ಅವಳ ಸಿಡಿಹಬ್ಬಕ್ಕೆ ಸುತ್ತಮುತ್ತಲ ಹಳ್ಳಿಗಳೆಲ್ಲ ಸೇರುತ್ತವೆ. ಊರಿಗೊಬ್ಬ ಮಾರಮ್ಮ ಇದ್ದೇ ಇರುತ್ತಾಳೆ. ಬಹಳ ಕಡೆ ಇವರಿಗೆ ತಿದ್ದಿ ತೀಡಿದ ಮುಖವಿಲ್ಲ. ಒಂದು ಕರಿಯ ಕಲ್ಲು, ಅದಕ್ಕೆ ಎಣ್ಣೆ, ಅರಿಸಿನ, ಕುಂಕುಮ, ಬೇವಿನ ಸೊಪ್ಪು, ಅನುಕೂಲವಿದ್ದರೆ ಎರಡು ಬೆಳ್ಳಿಯ ಕಣ್ಣು. ಅಷ್ಟರಲ್ಲೇ ಆಕೆ ಊರಿನ ತಾಯಿ. ಇನ್ನು ಶಿಲ್ಪಿಯ ಉಳಿ ತಾಗಿದ ಗುಡಿಗಳನ್ನು ನೋಡಿ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರ ಹೊಯ್ಸಳರ ಮಲ್ಲಿಕಾರ್ಜುನ ಗುಡಿ ಇದೆ. ಅದರ ಗೋಡೆಯ ಮೇಲಿನ ದೇವಿಯರೂ ಕಲ್ಲಿನ ಕಪ್ಪು ಬಣ್ಣದಲ್ಲೇ ನಿಂತಿದ್ದಾರೆ. ಎಣ್ಣೆ ಎರೆದಷ್ಟೂ ಕಪ್ಪಾಗುವ ಮೂರ್ತಿಗೆ ನಮ್ಮ ಅಜ್ಜಿಯರು ಕೈಮುಗಿದಿದ್ದಾರೆ. ತಾಯಿ ಯಾಕೆ ಕಪ್ಪಗಿದ್ದಾಳೆ ಎಂದು ಯಾರೂ ಕೇಳಿದ್ದಿಲ್ಲ.

ಅದೇ ತಾಯಿ ಕಾಗದಕ್ಕೆ ಬಂದಾಗ ಅವಳ ಬಣ್ಣ ಬದಲಾಗುತ್ತದೆ. ಕ್ಯಾಲೆಂಡರಿನ ಲಕ್ಷ್ಮಿ, ಸರಸ್ವತಿಯರ ಕೆನ್ನೆ ಗುಲಾಬಿ, ಮೈ ಹಾಲಿನ ಬಿಳುಪು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ದೇವರ ಪಟಗಳನ್ನು ಮನೆಮನೆಗೆ ಮುಟ್ಟಿಸಿದರು. ಅದು ದೊಡ್ಡ ಉಪಕಾರ. ಗುಡಿಯೊಳಗೆ ಕಾಲಿಡಲು ಬಿಡದಿದ್ದ ಜನರ ಗುಡಿಸಲಿಗೂ ದೇವರು ಬಂದದ್ದು ಆ ಪಟಗಳಿಂದ. ಆದರೆ ಆ ಪಟಗಳ ಜೊತೆಗೆ ಒಂದು ಮೈಬಣ್ಣವೂ ಒಂದು ಮೂಗಿನ ಆಕಾರವೂ ದೈವತ್ವದ ಗುರುತಾಗಿ ನಮ್ಮ ಕಣ್ಣಿಗೆ ಒಗ್ಗಿಹೋದವು. ಕಲ್ಲಿನಲ್ಲಿ ಕಪ್ಪನ್ನು ಪೂಜಿಸುವ ನಾವು ಕಾಗದದ ಮೇಲೆ ಅದನ್ನು ಒಪ್ಪದವರಾದೆವು. ಹೆಣ್ಣು ನೋಡುವ ಶಾಸ್ತ್ರದ ದಿನ ಮನೆಮನೆಯಲ್ಲಿ ನಡೆಯುವ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಎರಡನೆಯ ವಿಷಯಕ್ಕೆ, ಅಂದರೆ ದೇಶ ಮತ್ತು ನಾಡು ತಾಯಿಯಾದ ಬಗೆಗೆ ಬರೋಣ.

ಅವನೀಂದ್ರನಾಥ ಟಾಗೋರರು ‘ಭಾರತಮಾತಾ’ ಚಿತ್ರವನ್ನು ಬರೆದದ್ದು 1905ರಲ್ಲಿ, ಬಂಗಾಳದ ವಿಭಜನೆಯ ಕಾಲದಲ್ಲಿ. ಕಾವಿಯುಟ್ಟ ತಪಸ್ವಿನಿ, ನಾಲ್ಕು ಕೈ. ಕೈಗಳಲ್ಲಿ ಆಯುಧವಿಲ್ಲ, ಭತ್ತದ ತೆನೆ, ಬಟ್ಟೆ, ಹೊತ್ತಗೆ, ಜಪಮಾಲೆ ಇವೆ. ಅನ್ನ, ವಸ್ತ್ರ, ವಿದ್ಯೆ, ದೀಕ್ಷೆ ಕೊಡುವವಳು ದೇಶ ಎಂಬ ಭಾವ ಅದು. ಮುಂದೆ ಮುದ್ರಣದ ಭರಾಟೆಯಲ್ಲಿ ಆ ಬಡ ತಪಸ್ವಿನಿಗೆ ಕಿರೀಟ ಬಂತು, ಜರಿ ಸೀರೆ ಬಂತು, ಸಿಂಹ ಬಂತು, ಹಿಂದೆ ಭೂಪಟ ಬಂತು. ತೆನೆ ಹೋಯಿತು. ಭತ್ತ, ಕಬ್ಬು ಬೆಳೆಯುವ ಈ ಜಿಲ್ಲೆಯಲ್ಲಿ ನಿಂತು ಹೇಳುತ್ತಿದ್ದೇನೆ, ತೆನೆ ಹೋದದ್ದು ಸಣ್ಣ ಬದಲಾವಣೆ ಎಂದು ನನಗೆ ಅನಿಸುವುದಿಲ್ಲ. ಕೈಯಲ್ಲಿ ತೆನೆ ಹಿಡಿದವಳನ್ನು ಗದ್ದೆಯಲ್ಲಿ ಕಾಣಬಹುದು, ಕಿರೀಟ ಇಟ್ಟವಳನ್ನು ಎಲ್ಲಿ ಕಾಣುವುದು?

ಕರ್ನಾಟಕದ ತಾಯಿಯ ಕಥೆ ಇದಕ್ಕಿಂತ ಈಚಿನದು. ನಮ್ಮ ಹಳೆಯ ಮೈಸೂರಿನ ಕಡೆ ನಾಡದೇವಿ ಎಂದರೆ ಬೆಟ್ಟದ ಚಾಮುಂಡವ್ವ. ಅವಳ ತಂಗಿ ಉತ್ತನಹಳ್ಳಿಯ ಉರಿಮಾರಮ್ಮ. ಏಕೀಕರಣದ ಹೋರಾಟ ಕಾವೇರಿದಾಗ ಇಡೀ ಕನ್ನಡ ನಾಡಿಗೆ ಒಬ್ಬ ತಾಯಿಯ ರೂಪ ಬೇಕೆಂದು ಹಂಬಲಿಸಿದವರು ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು. 1953ರಲ್ಲಿ ಮುಳಗುಂದದ ಕಲಾವಿದ ಸಿ.ಎನ್. ಪಾಟೀಲರಿಂದ ಅವರು ಕನ್ನಡ ಭುವನೇಶ್ವರಿಯ ಚಿತ್ರ ಬರೆಸಿದರು. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು. ಅಂದರೆ ನಾಡು ಒಂದಾಗುವ ಮೊದಲೇ ನಾಡಿನ ಚಿತ್ರ ಸಿದ್ಧವಾಗಿತ್ತು. ಕಲೆಯ ಶಕ್ತಿ ಏನೆಂದು ಯಾರಾದರೂ ಕೇಳಿದರೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಆಮೇಲೆ ನೂರಾರು ಭುವನೇಶ್ವರಿಯರು ಬಂದರು. ರಾಜ್ಯೋತ್ಸವದ ಬ್ಯಾನರಿನಲ್ಲಿ, ಶಾಲೆಯ ಗೋಡೆಯ ಮೇಲೆ, ಆಟೋದ ಬೆನ್ನಿಗೆ, ಸಾಹಿತ್ಯ ಸಮ್ಮೇಳನದ ಮೆರವಣಿಗೆಯಲ್ಲಿ ಅವಳಿದ್ದಾಳೆ. 2024ರ ಡಿಸೆಂಬರಿನಲ್ಲಿ ಇದೇ ಮಂಡ್ಯದಲ್ಲಿ 87ನೆಯ ಸಮ್ಮೇಳನ ನಡೆದಾಗ ಊರಿನ ತುಂಬ ಅವಳ ಚಿತ್ರಗಳಿದ್ದವು. ಈ ರೂಪಗಳು ಒಂದೊಂದು ಒಂದೊಂದು ಥರ ಇವೆಯೆಂದು ಸರ್ಕಾರ ಕಲಾವಿದರ ಸಮಿತಿಯನ್ನೂ ರಚಿಸಿತು. ಅಧಿಕೃತ ಚಿತ್ರವೊಂದು ಬೇಕೆನ್ನುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಒಡವೆ, ಆಸನ, ಕೈಗಳ ಸಂಖ್ಯೆ ಎಷ್ಟು ಮುಖ್ಯವೋ ಆಕೆಯ ಮೈಬಣ್ಣವೂ ಅಷ್ಟೇ ಮುಖ್ಯ. ಬೀದರಿನಿಂದ ಚಾಮರಾಜನಗರದವರೆಗೆ ಬಿಸಿಲಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಮೈಬಣ್ಣವನ್ನು ನಾಡಿನ ತಾಯಿಗೆ ಕೊಡಲು ನಮ್ಮ ಕುಂಚ ಯಾಕೆ ಹಿಂಜರಿಯುತ್ತದೆ?

ಈಗ ಮೂರನೆಯ ಭಾಗ. ಹೊರದೇಶದ ಚಿತ್ರಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಲ್ಲಿಯ ಅನುಭವ ನಮಗೆ ದಾರಿ ತೋರುವಂಥದು.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಮರಿ ಗಿಯ್ಮಿನ್ ಬೆನ್ವಾ ಎಂಬ ಕಲಾವಿದೆ 1800ರಲ್ಲಿ ಪ್ರದರ್ಶನಕ್ಕಿಟ್ಟ ಒಂದು ಭಾವಚಿತ್ರವಿದೆ. ಕುರ್ಚಿಯ ಮೇಲೆ ಕೂತ ಕಪ್ಪು ತರುಣಿ, ತಲೆಗೆ ಬಿಳಿಯ ವಸ್ತ್ರ, ಸೊಂಟಕ್ಕೆ ಕೆಂಪು ಪಟ್ಟಿ, ಕುರ್ಚಿಯ ಮೇಲೆ ನೀಲಿ ಬಟ್ಟೆ. ಫ್ರಾನ್ಸಿನ ತ್ರಿವರ್ಣದ ಮೂರು ಬಣ್ಣಗಳೂ ಅಲ್ಲಿವೆ. ಫ್ರಾನ್ಸ್ 1794ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಈ ನಡುವಿನ ಎಂಟು ವರ್ಷದ ಕಿಂಡಿಯಲ್ಲಿ ಹುಟ್ಟಿದ ಚಿತ್ರ ಇದು. ಗಣರಾಜ್ಯದ ಸ್ವಾತಂತ್ರ್ಯ ಎನ್ನುವ ಹೆಣ್ಣು ಕಪ್ಪಗೂ ಇರಬಹುದು ಎಂದು ಒಂದು ಗಳಿಗೆ ಫ್ರಾನ್ಸಿಗೆ ಹೊಳೆದಂತೆ ಕಾಣುತ್ತದೆ. ಆದರೆ ಎರಡು ಶತಮಾನ ಆ ಚಿತ್ರಕ್ಕೆ ಇದ್ದ ಹೆಸರು ‘ಕರಿಯ ಹೆಣ್ಣಿನ ಚಿತ್ರ’ ಎಂಬರ್ಥದ್ದು ಮಾತ್ರ. ಆಕೆ ಗ್ವಾಡಲೂಪ್ ದ್ವೀಪದಿಂದ ಕಲಾವಿದೆಯ ನೆಂಟರ ಮನೆಗೆ ಬಂದ ಸೇವಕಿ, ಹೆಸರು ಮದಲೆನ್ ಎಂದು ಸಂಶೋಧಕರು ಹುಡುಕಿ ತೆಗೆದರು. 2019ರಲ್ಲಿ ಪ್ಯಾರಿಸ್ಸಿನ ಇನ್ನೊಂದು ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಆ ಹೆಸರು ಬಂತು. ಬಣ್ಣ ಬಳಿದದ್ದು ಬೇಗ, ಹೆಸರು ಬರೆಯುವುದಕ್ಕೆ ಇನ್ನೂರು ವರ್ಷ ಬೇಕಾಯಿತು.

ಅಮೆರಿಕಕ್ಕೆ ಬರೋಣ. ನ್ಯೂಯಾರ್ಕ್ ಬಂದರಿನಲ್ಲಿ 1886ರಿಂದ ಸ್ವಾತಂತ್ರ್ಯ ದೇವಿ ನಿಂತಿದ್ದಾಳೆ. ಅವಳ ಪಾದದ ಬಳಿ ಮುರಿದ ಸಂಕೋಲೆ ಇದೆ, ಕೆಳಗೆ ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಆ ಪ್ರತಿಮೆಯ ಕಲ್ಪನೆ ಕೊಟ್ಟ ಫ್ರಾನ್ಸಿನ ಲಬುಲೇ ಗುಲಾಮಗಿರಿಯ ವಿರೋಧಿ. ಸಂಕೋಲೆ ಕಡಿದುಕೊಂಡವರ ನೆನಪು ದೇವಿಯ ಕಾಲಡಿಯಲ್ಲಿ ಉಳಿಯಿತು, ಮುಖಕ್ಕೆ ಏರಲಿಲ್ಲ.

ಆ ಮುಖದ ಪ್ರಶ್ನೆಯನ್ನು ಎತ್ತಿದ ಒಂದು ಛಾಯಾಚಿತ್ರವನ್ನು ಇಲ್ಲಿ ಕೂತಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಹುಡುಕಿ ನೋಡಬೇಕು. 1942ರಲ್ಲಿ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಗೆ ಗಾರ್ಡನ್ ಪಾರ್ಕ್ಸ್ ಎಂಬ ಕಪ್ಪು ಯುವಕ ಛಾಯಾಗ್ರಾಹಕನಾಗಿ ಬಂದ. ಆ ಊರಿನ ಅಂಗಡಿ, ಹೋಟೆಲುಗಳಲ್ಲಿ ಬಣ್ಣದ ಕಾರಣಕ್ಕೆ ಅವಮಾನ ಅನುಭವಿಸಿದ. ಅವನ ಮೇಲಧಿಕಾರಿ ರಾಯ್ ಸ್ಟ್ರೈಕರ್, ಕಚೇರಿ ಗುಡಿಸುವ ಹೆಂಗಸಿನ ಜೊತೆ ಮೊದಲು ಮಾತಾಡು ಎಂದು ಕಳಿಸಿದ. ಆಕೆಯ ಹೆಸರು ಎಲಾ ವಾಟ್ಸನ್. ತಂದೆಯನ್ನು ಬಿಳಿಯರ ಗುಂಪು ಕೊಂದಿತ್ತು, ಗಂಡ ಗುಂಡೇಟಿಗೆ ಸತ್ತಿದ್ದ, ವರ್ಷಕ್ಕೆ 1,080 ಡಾಲರ್ ಸಂಬಳದಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿದ್ದಳು. ಪಾರ್ಕ್ಸ್ ಆಕೆಯನ್ನು ಗೋಡೆಗೆ ತೂಗುಬಿಟ್ಟ ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿದ. ಒಂದು ಕಡೆ ನಿಲ್ಲಿಸಿದ ಪೊರಕೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು, ನಡುವೆ ಚುಕ್ಕಿ ಚುಕ್ಕಿಯ ಮಾಸಿದ ಉಡುಪಿನಲ್ಲಿ ಆಕೆ. ಗ್ರಾಂಟ್ ವುಡ್ 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಎಂಬ ಹೆಸರಾಂತ ವರ್ಣಚಿತ್ರದಲ್ಲಿ ಕವಲುಗೋಲು ಹಿಡಿದ ಬಿಳಿಯ ರೈತ, ಅವನ ಪಕ್ಕದಲ್ಲಿ ಒಬ್ಬ ಹೆಣ್ಣು ಇದ್ದಾರೆ. ಅದೇ ನಿಲುವು, ಅದೇ ಹೆಸರು ಈ ಛಾಯಾಚಿತ್ರಕ್ಕೆ. ಇದನ್ನು ನೋಡಿ ಸ್ಟ್ರೈಕರ್ ಗಾಬರಿಯಾದ, ಇದರಿಂದ ನಮ್ಮೆಲ್ಲರ ಕೆಲಸ ಹೋದೀತು ಎಂದ.

ನಾನು ಈ ಚಿತ್ರವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಪಾರ್ಕ್ಸ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಂದಿನ ದಿನಗಳಲ್ಲಿ ಆಕೆಯ ಮನೆಗೆ ಹೋದ, ಚರ್ಚಿಗೆ ಹೋದ, ಮಕ್ಕಳ ನಡುವೆ ಕೂತ ಆಕೆಯನ್ನು ಮತ್ತೆ ಮತ್ತೆ ಚಿತ್ರಿಸಿದ. ಲಾಂಛನದ ಮುಂದೆ ನಿಲ್ಲಿಸಿದ ಹೆಂಗಸು ತಾನೇ ಒಂದು ಲಾಂಛನವಾಗಿ ಒಣಗಿಹೋಗದಂತೆ ನೋಡಿಕೊಂಡ. ಭಾವಚಿತ್ರದ ಧರ್ಮ ಇದು. ಬಡವರ ಚಿತ್ರ ಬರೆದವರು ನಮ್ಮಲ್ಲೂ ಬಹಳ ಜನ ಇದ್ದಾರೆ, ಅವರ ಮನೆಯ ಒಳಗೆ ಕೂತು ಮಾತು ಕೇಳಿದವರು ಕಡಿಮೆ.

ನಮ್ಮ ಕಾಲದ ಎಮಿ ಶೆರಾಲ್ಡ್ ಹೆಸರನ್ನು ತಾವು ಕೇಳಿರಬಹುದು. 1973ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ ಕಪ್ಪು ಕಲಾವಿದೆ. 2018ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯಕ್ಕೆ ಮಿಶೆಲ್ ಒಬಾಮಾ ಅವರ ಚಿತ್ರ ಬರೆದು ಹೆಸರಾದರು. ಅವರು ಕಪ್ಪು ಜನರ ಮೈಯನ್ನು ಬೂದುಬಣ್ಣದಲ್ಲಿ ಬರೆಯುತ್ತಾರೆ. ಉಡುಪಿಗೆ, ಹಿನ್ನೆಲೆಗೆ ಢಾಳಾದ ಬಣ್ಣ, ಮೈಗೆ ಬೂದು. ಚರ್ಮದ ಬಣ್ಣ ನೋಡಿದೊಡನೆ ಮನುಷ್ಯನನ್ನು ಅಳೆದುಬಿಡುವ ನಮ್ಮ ಕಣ್ಣಿನ ಚಾಳಿಗೆ ಅಲ್ಲಿ ಏನೂ ಸಿಗುವುದಿಲ್ಲ, ಹಾಗಾಗಿ ನಾವು ಕಣ್ಣನ್ನು, ನಿಲುವನ್ನು ನೋಡಬೇಕಾಗುತ್ತದೆ. 2024ರಲ್ಲಿ ಅವರು ಸ್ವಾತಂತ್ರ್ಯ ದೇವಿಯ ನಿಲುವಿನಲ್ಲಿ ಒಬ್ಬ ಕಪ್ಪು ಟ್ರಾನ್ಸ್‌ಜೆಂಡರ್ ಕಲಾವಿದೆಯನ್ನು ಚಿತ್ರಿಸಿದರು. ನೀಲಿ ಉಡುಪು, ಗುಲಾಬಿ ಕೂದಲು, ಎತ್ತಿದ ಕೈಯಲ್ಲಿ ಪಂಜಿನ ಜ್ವಾಲೆಯ ಬದಲು ಹೂಗೊಂಚಲು. ಅದೇ ಭಾವಚಿತ್ರ ಸಂಗ್ರಹಾಲಯದಲ್ಲಿ ನಡೆಯಬೇಕಿದ್ದ ಪ್ರದರ್ಶನದಿಂದ ಈ ಚಿತ್ರವನ್ನು ಬಿಡುವ ಮಾತು ಬಂದಾಗ, 2025ರ ಜುಲೈನಲ್ಲಿ ಶೆರಾಲ್ಡ್ ಇಡೀ ಪ್ರದರ್ಶನವನ್ನೇ ಹಿಂತೆಗೆದುಕೊಂಡರು. ಮುಂದೆ ಅದು ಬಾಲ್ಟಿಮೋರಿನಲ್ಲಿ ನಡೆಯಿತು. ಒಂದು ಚಿತ್ರವನ್ನು ಬಿಟ್ಟುಕೊಟ್ಟಿದ್ದರೆ ಉಳಿದ ಚಿತ್ರಗಳೆಲ್ಲ ರಾಜಧಾನಿಯ ಗೋಡೆ ಏರುತ್ತಿದ್ದವು. ತನ್ನೆದುರು ಕೂತು ಮುಖ ಕೊಟ್ಟವರನ್ನು ಕಲಾವಿದೆ ಬಿಟ್ಟುಕೊಡಲಿಲ್ಲ. ಆ ನಡತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ನಮ್ಮ ನಾಡಿನಲ್ಲಿ ಹೀಗೆ ಕೇಳಿದವರು ಇಲ್ಲವೇ? ಇದ್ದಾರೆ. ಬೆಂಗಳೂರಿನ ಎನ್. ಪುಷ್ಪಮಾಲಾ ಅವರನ್ನು ಇಲ್ಲಿ ನೆನೆಯಲೇಬೇಕು. ಶಿಲ್ಪಕಲೆ ಕಲಿತು ಆಮೇಲೆ ಕ್ಯಾಮೆರಾದ ಎದುರು ತಾವೇ ವೇಷ ಹಾಕಿ ನಿಂತವರು ಅವರು. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆಗೂಡಿ ದಕ್ಷಿಣ ಭಾರತದ ಸ್ತ್ರೀಯರ ಬಗ್ಗೆ ಮಾಡಿದ ಚಿತ್ರಮಾಲೆಯಲ್ಲಿ ಅವರು ರವಿವರ್ಮನ ನಾಯಕಿಯೂ ಹೌದು, ಬಿಜಾಪುರದ ಹಳೆಯ ಚಿತ್ರದ ಯೋಗಿನಿಯೂ ಹೌದು, ಅಳತೆಯ ಚೌಕಳಿ ಪರದೆಯ ಮುಂದೆ ನಿಂತ ತೋಡ ಬುಡಕಟ್ಟಿನ ಹೆಣ್ಣೂ ಹೌದು. ಎಡ್ಗರ್ ಥರ್ಸ್ಟನ್ನನಂಥ ಬ್ರಿಟಿಷ್ ಅಧಿಕಾರಿಗಳು ನಮ್ಮವರ ಮೂಗು, ತಲೆಬುರುಡೆ ಅಳೆದು, ಫೋಟೋ ತೆಗೆದು, ಕೆಳಗೆ ಜಾತಿಯ ಹೆಸರು ಮಾತ್ರ ಬರೆದರು. 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಅವನ ಗ್ರಂಥವನ್ನು ತೆರೆದರೆ ಆ ಮುಖಗಳು ಇಂದಿಗೂ ನಮ್ಮನ್ನು ನೋಡುತ್ತವೆ. ಪುಷ್ಪಮಾಲಾ ಆ ಪರದೆಯ ಮುಂದೆ ನಿಂತ ಹಾಗೆಯೇ ಭಾರತಮಾತೆಯ ವೇಷದಲ್ಲೂ ನಿಂತರು. ದೇವಿಯನ್ನು ಬರೆದ ಕಣ್ಣೂ ಬುಡಕಟ್ಟಿನವಳನ್ನು ಅಳೆದ ಕಣ್ಣೂ ಒಂದೇ ಕಾಲದಲ್ಲಿ ಕೆಲಸ ಮಾಡುತ್ತಿದ್ದವು ಎನ್ನುವುದು ಅವರ ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ನನಗೆ ತಿಳಿಯಿತು.

ಇನ್ನು ಕೊನೆಯ ಭಾಗ. ಭುವನೇಶ್ವರಿಯ ಹಳೆಯ ಗುಡಿಗಳಲ್ಲಿ ಒಂದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಬಳಿ, ಭುವನಗಿರಿಯಲ್ಲಿದೆ. ಅದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಸೀಮೆಯಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಬಾಳುತ್ತಿದ್ದಾರೆ. ಪೋರ್ಚುಗೀಸರ ಗೋವೆಯಿಂದ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತಾನ ಅವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯಲ್ಲಿ ಹೊಲಿಯುವ ಕೌದಿಗಳನ್ನು ಇಂದು ದೇಶವಿದೇಶದ ಸಂಗ್ರಹಾಲಯಗಳವರು ಹುಡುಕಿಕೊಂಡು ಬರುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವ ಹೊಲಿಗೆ ಅದು. ನಾಲ್ಕು ಮೂಲೆಗೆ ತುಂಡು ಬಟ್ಟೆಯ ಹೂ ಇಡದಿದ್ದರೆ ಅವರ ಕಣ್ಣಿಗೆ ಕೌದಿ ಬೆತ್ತಲೆ. ತಾಯಿ ಭುವನೇಶ್ವರಿಯ ಜಿಲ್ಲೆಯಲ್ಲೇ ಇರುವ, ಕನ್ನಡ ಆಡುವ ಈ ಕಪ್ಪು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಎದುರಿಗೆ ಕೂರಿಸಿಕೊಂಡು ಭುವನೇಶ್ವರಿಯನ್ನು ಬರೆಯಬಾರದೇಕೆ? ಅಮೆರಿಕದವರು ಕೇಳಿದ ಪ್ರಶ್ನೆ ನಮ್ಮ ಮನೆಯ ಅಂಗಳದಲ್ಲೇ ಇದೆ.

ಅದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಚಿತ್ರ ನಿಮ್ಮೆಲ್ಲರ ಕಣ್ಣಿನಲ್ಲಿದೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಬಂದರು. ರವಿಕೆಯಿಲ್ಲದೆ ತಮ್ಮ ಹಾಲಕ್ಕಿ ಸಮುದಾಯದ ರೀತಿಯಲ್ಲಿ ಉಟ್ಟ ಸೀರೆ, ಕೊರಳ ತುಂಬ ಮಣಿಸರ, ಬಿಸಿಲು ಕಂಡ ತೋಳು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿಯಾಗಿ ಬೀಜ ಆರಿಸಿ ಸಸಿ ಬೆಳೆಸಿದ ಕೈಗಳು ಅವು. ಮರುದಿನ ಅದೇ ಸಭಾಂಗಣದಲ್ಲಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದರು. ಈ ಎರಡು ಛಾಯಾಚಿತ್ರಗಳಲ್ಲಿ ಲಾಂಛನ ಹಿನ್ನೆಲೆಗೆ ಸರಿದು ಮನುಷ್ಯರು ಮುಂದೆ ಬಂದರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪತ್ರಿಕೆಯ ಕ್ಯಾಮೆರಾ ಮಾಡಿದ ಈ ಕೆಲಸವನ್ನು ನಮ್ಮ ಕುಂಚ ಇನ್ನೂ ಮನಸ್ಸಿಟ್ಟು ಮಾಡಬೇಕಾಗಿದೆ.

ಒಂದು ಆಕ್ಷೇಪಣೆ ಬರಬಹುದು, ಅದಕ್ಕೂ ಉತ್ತರ ಕೊಡಬೇಕು. ದೇವಿ ಯಾರೊಬ್ಬರ ಹೋಲಿಕೆಯಲ್ಲೂ ಇರಬಾರದು, ಇದ್ದರೆ ಎಲ್ಲರ ತಾಯಿ ಹೇಗಾದಾಳು ಎಂದು ಹಿರಿಯರು ಕೇಳುತ್ತಾರೆ. ಶ್ರದ್ಧೆಯಿಂದ ಬಂದ ಮಾತು, ಅದನ್ನು ಗೌರವಿಸುತ್ತೇನೆ. ಆದರೆ ಈಗಿರುವ ಪಟಗಳಲ್ಲೂ ಒಂದು ಹೋಲಿಕೆ ಇದ್ದೇ ಇದೆ. ಅದು ಒಂದು ವರ್ಗದ, ಒಂದು ಬಣ್ಣದ ಹೆಣ್ಣಿನ ಹೋಲಿಕೆ, ರೂಢಿಯಾದ್ದರಿಂದ ನಮಗೆ ಕಾಣುವುದಿಲ್ಲ ಅಷ್ಟೆ. ಇರುವುದನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ, ಅದರ ಪಕ್ಕದಲ್ಲಿ ಬೇರೆ ಮುಖಗಳಿಗೂ ಜಾಗ ಕೊಡಿ ಎನ್ನುತ್ತಿದ್ದೇನೆ.

ಜಾಗ ಎಲ್ಲಿ ಎಂದರೆ, ಈ ಜಿಲ್ಲೆಯಲ್ಲೇ ಇದೆ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಧ್ವಜ ಹಾರಿಸಕೂಡದೆಂಬ ಸರ್ಕಾರದ ಆಜ್ಞೆಯನ್ನು ಮೀರಿ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಧ್ವಜವೇರಿಸಿ ಬಂಧನಕ್ಕೊಳಗಾದರು. ಅದರ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧವಿದೆ. ಧ್ವಜ ಏರಿಸಿದವರ ಹೆಸರು ನಮಗೆ ಗೊತ್ತು. ಅಂದು ಹಳ್ಳಿಹಳ್ಳಿಯಿಂದ ಬಂದು ಸೇರಿದ ಜನಸಾಗರದಲ್ಲಿದ್ದ ಹೆಂಗಸರ ಮುಖ ನಮಗೆ ಗೊತ್ತಿಲ್ಲ. ಧ್ವಜದ ಬಟ್ಟೆಯ ಹಿಂದೆಯೂ ಹೀಗೆಯೇ ಹೆಂಗಸರ ಕೈ ಇದೆ. ಇಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಒಂಬತ್ತು ಅಳತೆಗಳಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಟ್ಟಿ ಜೋಡಿಸಿ ಹೊಲಿದು, ಅಶೋಕ ಚಕ್ರ ಎರಡೂ ಬದಿಗೆ ಒಂದೇ ಕಡೆ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ಆ ಕಣ್ಣುಗಳನ್ನು ಯಾರಾದರೂ ಚಿತ್ರಿಸಬೇಕು.

ಇಲ್ಲಿರುವ ಚಿತ್ರಕಲಾ ಶಿಕ್ಷಕರಿಗೂ ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿಯುತ್ತಿರುವ ಈ ಜಿಲ್ಲೆಯ ಮಕ್ಕಳಿಗೂ ನನ್ನದೊಂದು ಬೇಡಿಕೆ. ಶಿವಪುರದ ಸೌಧಕ್ಕಾಗಿ ಒಂದು ಭಾವಚಿತ್ರ ಮಾಲೆ ಬರೆಯಿರಿ. ನಾಲೆ ಬಯಲಿನಲ್ಲಿ ಪೈರು ನೆಡುವವರು, ಕಬ್ಬಿನ ಗದ್ದೆಯಲ್ಲಿ ಸೋಗೆ ತರಿಯುವವರು, ಮಂಡ್ಯದ ಬೀದಿಯನ್ನು ನಸುಕಿನಲ್ಲಿ ಗುಡಿಸುವ ಪೌರಕಾರ್ಮಿಕರು, ಮಳವಳ್ಳಿಯ ಆಶಾ ಕಾರ್ಯಕರ್ತೆಯರು ನಿಮ್ಮ ಎದುರು ಕೂರಲಿ. ತೆನೆಯೋ ಧ್ವಜವೋ ದೀಪವೋ, ಕೈಯಲ್ಲಿ ಏನು ಹಿಡಿಯಬೇಕೆಂದು ಅವರನ್ನೇ ಕೇಳಿ. ಮೈಬಣ್ಣವನ್ನು ಒಂದು ಎಳೆಯೂ ತಿಳಿ ಮಾಡಬೇಡಿ. ಬರೆದ ಮೇಲೆ ಮೊದಲು ಅವರಿಗೆ ತೋರಿಸಿ, ಅವರು ಒಪ್ಪದ ಚಿತ್ರವನ್ನು ಗೋಡೆಗೆ ಏರಿಸಬೇಡಿ. ಕೆಳಗೆ ಅವರ ಹೆಸರು, ಊರು, ಬರೆದ ವರ್ಷ ಇರಲಿ. ಎದುರು ಕೂತಷ್ಟು ದಿನದ ಕೂಲಿಯನ್ನು ಅಂದಂದೇ ಅವರ ಕೈಗೆ ಕೊಡಿ. ಈ ದತ್ತಿಯ ಹಿರಿಯರು ಒಪ್ಪುವುದಾದರೆ ನನಗೆ ಸಲ್ಲುವ ಇಂದಿನ ಗೌರವಧನವನ್ನು ಆ ಕೂಲಿಯ ಮೊದಲ ಕಂತಾಗಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.